ಈರುಳ್ಳಿ ಪೊರೆಯಲ್ಲಿ ಆಸ್ಮಾಸಿಸ್: ಮೂರನೇ ಸಲಕ್ಕೆ ಕಂಡದ್ದು

ನೀರು ಕೋಶಪೊರೆ ದಾಟಿ ಗಟ್ಟಿ ದ್ರಾವಣದ ಕಡೆಗೆ ಹೋಗುವುದೇ ಆಸ್ಮಾಸಿಸ್. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಲು ಹೊರಟಾಗ ಮೊದಲ ಸಲ ನನಗೆ ಏನೂ ಕಾಣಲಿಲ್ಲ. ಕೆಂಪು ಈರುಳ್ಳಿ ಎಸಳಿನ ಒಳಬದಿಯ ಪೊರೆ ಸಲೀಸಾಗಿ ಸುಲಿದು ಬರುತ್ತದೆ. ಸುಲಭ ಅಂತ ಅದನ್ನೇ ತೆಗೆದುಕೊಂಡಿದ್ದೆ. ಅದಕ್ಕೆ ಬಣ್ಣವೇ ಇರುವುದಿಲ್ಲ. ಇಟ್ಟಿಗೆ ಜೋಡಿಸಿದ ಹಾಗೆ ಗೋಡೆಗಳು ಕಂಡವು, ಅಷ್ಟೇ.

ಎರಡನೇ ಸಲ ಬೇಗ ಕಾಣಲಿ ಅಂತ ಕರಗುವಷ್ಟೂ ಉಪ್ಪು ಸುರಿದೆ. ಕೋಶಗಳು ಮುದುಡಿದವು ನಿಜ. ಆಮೇಲೆ ನೀರು ಬಿಟ್ಟರೆ ಒಂದೂ ತಿರುಗಿ ಉಬ್ಬಲಿಲ್ಲ. ಸತ್ತೇ ಹೋಗಿದ್ದವು.

ಮೂರನೇ ಸಲ ಎಸಳಿನ ಹೊರಬದಿಯ ನೇರಳೆ ಪೊರೆಗೆ ಕೈ ಹಾಕಿದೆ. ಇದು ಸ್ವಲ್ಪ ಸತಾಯಿಸುತ್ತದೆ. ಬ್ಲೇಡಿನಿಂದ ಚಿಕ್ಕ ಚೌಕ ಗೀರಿ, ಚಿಮಟದಿಂದ ಒಂದು ಮೂಲೆ ಹಿಡಿದು ನಿಧಾನವಾಗಿ ಎಳೆಯಬೇಕು. ಉಪ್ಪಿನ ಬದಲು ಸಕ್ಕರೆ ಬಳಸಿದೆ. 34 ಗ್ರಾಂ ಕರಗಿಸಿ ಒಟ್ಟು 100 ಮಿಲಿ ಮಾಡಿದರೆ ಹೆಚ್ಚುಕಡಿಮೆ 1 ಮೋಲಾರ್ ದ್ರಾವಣ.

ಪೊರೆಯನ್ನು ಮೊದಲು ಬರೀ ನೀರಿನಲ್ಲಿ ಇಟ್ಟು, ಕವರ್ ಸ್ಲಿಪ್ (ತೆಳು ಗಾಜಿನ ಚೂರು) ಮುಚ್ಚಿ, 100 ಪಟ್ಟು ದೊಡ್ಡದಾಗಿ ಕಾಣುವಂತೆ ನೋಡಿದೆ. ಪ್ರತಿ ಕೋಶದಲ್ಲೂ ತೆಳು ನೇರಳೆ ಬಣ್ಣ ಅಂಚಿನಿಂದ ಅಂಚಿಗೆ ತುಂಬಿತ್ತು. ಆಮೇಲೆ ಕವರ್ ಸ್ಲಿಪ್ಪಿನ ಒಂದು ಬದಿಗೆ ಸಕ್ಕರೆ ದ್ರಾವಣದ ಹನಿ ಇಟ್ಟು, ಎದುರು ಬದಿಗೆ ಫಿಲ್ಟರ್ ಪೇಪರ್ ತಾಗಿಸಿದೆ. ಪೇಪರ್ ನೀರು ಹೀರಿದ ಹಾಗೆ ದ್ರಾವಣ ಒಳಗೆ ಹರಿಯುತ್ತದೆ. ಹೀಗೆ ಮಾಡಿದರೆ ಸ್ಲೈಡ್ ತೆಗೆಯುವ ಗೋಜಿಲ್ಲ, ನೋಡುತ್ತಿದ್ದ ಕೋಶವೂ ಕಣ್ಣು ತಪ್ಪುವುದಿಲ್ಲ.

ಕೆಲವು ನಿಮಿಷಗಳಲ್ಲೇ ಮೂಲೆಗಳಲ್ಲಿ ಬಣ್ಣ ಗೋಡೆ ಬಿಟ್ಟಿತು. ಆಮೇಲೆ ಬದಿಗಳಲ್ಲೂ ಬಿಟ್ಟು, ಒಳಗೆ ಸರಿದು ಗುಂಡಗಾಯಿತು. ಗೋಡೆ ಮಾತ್ರ ಇದ್ದಲ್ಲೇ ಇತ್ತು. ನನಗೆ ತುಂಬಾ ಹಿಡಿಸಿದ್ದು ಬೇರೆಯೇ ಒಂದು ವಿಷಯ: ಮುದುಡಿದ ಹಾಗೆಲ್ಲ ಬಣ್ಣ ಗಾಢವಾಗುತ್ತಾ ಹೋಯಿತು! ಬಣ್ಣ ಇರುವುದು ಕೋಶದ ರಸದಾನಿಯಲ್ಲಿ, ಅಂದರೆ ಒಳಗಿನ ರಸ ತುಂಬಿದ ಚೀಲದಲ್ಲಿ. ಅದು ಹೊರಗೆ ಬಂದಿದ್ದರೆ ತೆಳುವಾಗಬೇಕಿತ್ತು, ಅಲ್ವಾ? ಕೋಶಪೊರೆ ದಾಟಿ ಹೊರಗೆ ಹೋದದ್ದು ನೀರು, ಉಳಿದದ್ದು ಬಣ್ಣ. ಆಸ್ಮಾಸಿಸ್ ಅಂದರೆ ಏನು ಅಂತ ಅಷ್ಟು ದಿನ ಸುಮ್ನೆ ಬಾಯಿಪಾಠ ಮಾಡಿದ್ದೆ.

ಗೋಡೆಗೂ ಬಣ್ಣಕ್ಕೂ ನಡುವಿನ ಜಾಗ ಖಾಲಿ ಅಂತ ಅನಿಸುತ್ತದೆ. ಖಾಲಿಯಲ್ಲ. ಕೋಶಭಿತ್ತಿ, ಅಂದರೆ ಈ ಗೋಡೆ, ಸಕ್ಕರೆಯನ್ನು ತಡೆಯುವುದಿಲ್ಲ, ಒಳಗಿನ ಕೋಶಪೊರೆ ತಡೆಯುತ್ತದೆ. ಹಾಗಾಗಿ ಅಲ್ಲಿ ತುಂಬಿರುವುದು ಹೊರಗಿನ ಅದೇ ದ್ರಾವಣ.

ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ ಹೊಸ ಪೊರೆಯ ಮೇಲೂ ನೋಡಿದೆ. ಈ ಸಲ ಕೆಲವು ಕೋಶಗಳು ಮೂಲೆಯಲ್ಲಿ ಮಾತ್ರ ಬಿಟ್ಟವು, ಪಕ್ಕದವು ಜಗ್ಗಲಿಲ್ಲ. ಅರ್ಧದಷ್ಟು ಕೋಶಗಳಲ್ಲಿ ಬಣ್ಣ ಗೋಡೆ ಬಿಡಲು ಶುರು ಮಾಡುವ ದ್ರಾವಣ ಹುಡುಕಿದರೆ, ಕೋಶರಸ ಎಷ್ಟು ಗಟ್ಟಿ ಅಂತ ಅಂದಾಜು ಸಿಗುತ್ತದೆ. 19ನೇ ಶತಮಾನದಲ್ಲಿ ಡಚ್ ಸಸ್ಯವಿಜ್ಞಾನಿ ಹ್ಯೂಗೋ ಡಿ ವ್ರೀಸ್ ಎಲೆಯ ಪೊರೆಗಳ ಮೇಲೆ ಇದೇ ಬಗೆಯ ಲೆಕ್ಕ ಮಾಡಿದ್ದರು.

ಕೊನೆಗೆ ಮೊದಲಿನ ಸ್ಲೈಡಿಗೆ ಡಿಸ್ಟಿಲ್ಡ್ ವಾಟರ್ ಹರಿಸಿದೆ. ನೇರಳೆ ಉಂಡೆಗಳು ಉಬ್ಬುತ್ತಾ, ತೆಳುವಾಗುತ್ತಾ ಬಂದು ಮತ್ತೆ ಗೋಡೆಗೆ ಅಂಟಿದವು. ಪೊರೆ ಹರಿದಿದ್ದ ಅಂಚಿನಲ್ಲಿ ಮಾತ್ರ ಮೂರು ಕೋಶಗಳು ಮೊದಲಿಂದಲೂ ಬಣ್ಣ ಸೋರಿ ಬಿಳಿಚಿಕೊಂಡಿದ್ದವು. ಸಕ್ಕರೆಗೂ ನೀರಿಗೂ ಅವು ಅಲುಗಲಿಲ್ಲ.