ಕರೆಂಟ್ ಇರುವ ಕಡೆ ಬೆಂಕಿ ನಂದಿಸುವುದು ಹೇಗೆ?

ಅಗ್ನಿಶಾಮಕ ಗಾಡಿ ನಿಲ್ಲಿಸುವ ಮೊದಲು ತಲೆ ಎತ್ತಿ ನೋಡಿ. ತಂತಿ ಎಲ್ಲಿ ಹಾದುಹೋಗಿದೆ, ಕಟ್ಟಡಕ್ಕೆ ಯಾವ ಕಡೆಯಿಂದ ಇಳಿದಿದೆ, ಎಲ್ಲಾದರೂ ಜೋತುಬಿದ್ದಿದೆಯೇ? ಬೆಂಕಿಯ ಝಳಕ್ಕೆ ತಂತಿ ಕಡಿದು ಬೀಳಬಹುದು, ಅದರಡಿ ಗಾಡಿ ಬೇಡ. ಲೈನ್ ಆಫ್ ಮಾಡಿಸಲು ವಿದ್ಯುತ್ ಸರಬರಾಜಿನವರಿಗೆ ಆಗಲೇ ಕರೆ ಹೋಗಿರಬೇಕು.

ತಂತಿ ನೆಲಕ್ಕೆ ಬಿದ್ದಿದ್ದರೆ ಕನಿಷ್ಠ 10 ಮೀಟರ್ ಆಚೆ ಹಗ್ಗ ಕಟ್ಟಿ. ಹೈಟೆನ್ಷನ್ ಲೈನಾದರೆ ಇನ್ನೂ ದೂರ. ಕಿಡಿಯಿಲ್ಲ, ಸದ್ದಿಲ್ಲ ಎಂದು ಹತ್ತಿರ ಹೋಗುವುದು ದೊಡ್ಡ ತಪ್ಪು. ಟ್ರಿಪ್ ಆದ ಲೈನ್ ಕೆಲವೇ ಸೆಕೆಂಡಿನಲ್ಲಿ ತಾನಾಗಿಯೇ ಮತ್ತೆ ಚಾಲೂ ಆಗುವ ವ್ಯವಸ್ಥೆ ಹಲವು ಕಡೆ ಇರುತ್ತದೆ. ತಂತಿ ತಗುಲಿದ ಜಾಗದಿಂದ ಕರೆಂಟ್ ನೆಲದಲ್ಲಿ ಸುತ್ತಲೂ ಹರಡುತ್ತದೆ, ದೂರ ಹೋದಂತೆ ವೋಲ್ಟೇಜ್ ಇಳಿಯುತ್ತದೆ. ಒಂದು ಕಾಲು ಹತ್ತಿರ, ಇನ್ನೊಂದು ದೂರ ಇಟ್ಟಿರೋ, ಆ ವ್ಯತ್ಯಾಸಕ್ಕೆ ನಿಮ್ಮ ಮೈಯೇ ದಾರಿ. ಕಾಲಲ್ಲಿ ಜುಮುಜುಮು ಎಂದರೆ ತಕ್ಷಣ ನಿಂತು, ಪಾದ ಜೋಡಿಸಿ, ನೆಲದಿಂದ ಎತ್ತದೆ ಇಂಚಿಂಚೇ ಜರುಗುತ್ತ ಹಿಂದೆ ಬನ್ನಿ.

ತಂತಿ ವಾಹನದ ಮೇಲೆ ಬಿದ್ದಿದ್ದರೆ ಒಳಗಿರುವವರು ಒಳಗೇ ಇರಲಿ. ವಾಹನಕ್ಕೇ ಬೆಂಕಿ ಹತ್ತಿದರೆ ಮಾತ್ರ ಕಾಲು ಜೋಡಿಸಿ ಜಿಗಿಯಲು ಕೂಗಿ ಹೇಳಿ. ವಾಹನವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು.

ಅಲ್ಯುಮಿನಿಯಂ ಏಣಿಯನ್ನು ತಂತಿಯಿಂದ 3 ಮೀಟರಿಗಿಂತ ಹತ್ತಿರ ತರಬೇಡಿ. ಒದ್ದೆಯಾದ ಮರದ ಏಣಿಯನ್ನೂ ನಂಬಬೇಡಿ.

ಕಟ್ಟಡದಲ್ಲಿ ಮೇನ್ ಸ್ವಿಚ್ ಆಫ್ ಮಾಡಿ, ಅಲ್ಲಿ ಒಬ್ಬರನ್ನು ನಿಲ್ಲಿಸಿ. ಮೀಟರ್ ಕಿತ್ತು ಕರೆಂಟ್ ತೆಗೆಯಲು ಹೋಗಬೇಡಿ. ಅಲ್ಲಿ ಹುಟ್ಟುವ ಕಿಡಿಯೇ ಮುಖ ಸುಡಬಲ್ಲದು. ಆಫ್ ಆದ ಮೇಲೂ ಯುಪಿಎಸ್, ಜನರೇಟರ್ ಇವೆಯೇ ಎಂದು ಮನೆಯವರನ್ನು ಕೇಳಿ. ಹೊಗೆಯಲ್ಲಿ ತಡಕಾಡುವಾಗ ಅಂಗೈ ಚಾಚದೆ ಕೈಯ ಹಿಂಭಾಗ ಮುಂದಿಡಿ. ಸುಮಾರು 10 ಮಿಲಿಆಂಪಿಯರ್ ದಾಟಿದರೆ ಸ್ನಾಯು ಬಿಗಿದು, ಅಂಗೈ ತಂತಿಯನ್ನೇ ಹಿಡಿದುಕೊಳ್ಳುತ್ತದೆ. ಬೆಂಕಿ ತಡೆಯುವ ಕೈಗವಸು, ಬೂಟುಗಳನ್ನು ಕರೆಂಟ್ ತಡೆಯಲೆಂದು ಮಾಡಿರುವುದಿಲ್ಲ. ಒದ್ದೆಯಾದರಂತೂ ಭರವಸೆಯೇ ಇಲ್ಲ.

ಸೋಲಾರ್ ಇದ್ದರೆ ಲೆಕ್ಕವೇ ಬೇರೆ. ಬಿಸಿಲಿರುವವರೆಗೂ ಫಲಕದಿಂದ ಇನ್ವರ್ಟರ್‌ವರೆಗಿನ ಕೇಬಲ್‌ನಲ್ಲಿ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ಕರೆಂಟ್ ಇದ್ದೇ ಇರುತ್ತದೆ, ಮೇನ್ ಸ್ವಿಚ್ ಅದನ್ನು ನಿಲ್ಲಿಸುವುದಿಲ್ಲ. ದಪ್ಪ, ಕಪ್ಪು ಟಾರ್ಪಾಲಿನ್ ಹೊದಿಸಿದರೆ ಕರೆಂಟ್ ಇಳಿಯುತ್ತದೆ. ಬೆಳಕು ಹಾಯುವ ತೆಳು ಪ್ಲಾಸ್ಟಿಕ್ ಸಾಲದು. ಫಲಕ ಒಡೆಯಬೇಡಿ, ಮೇಲೆ ಹತ್ತಬೇಡಿ. ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಎಂಬ ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 1000 ವೋಲ್ಟ್ ಡಿಸಿಗೆ ನೀರಿನ ನೇರ ಧಾರೆ ಹಾಯಿಸುವವರು ಕನಿಷ್ಠ 6 ಮೀಟರಿಗೂ ಸ್ವಲ್ಪ ಹೆಚ್ಚು ದೂರ ನಿಲ್ಲಬೇಕೆಂದು ತಿಳಿದುಬಂತು. ಹನಿಹನಿಯಾಗಿ ಒಡೆದ ನೀರಿನ ನಡುವೆ ಗಾಳಿ ಇರುವುದರಿಂದ ಸಿಂಪಡಣೆ ನೇರ ಧಾರೆಗಿಂತ ಕ್ಷೇಮ. ಉಪ್ಪುನೀರು ಬೇಡ, ನೊರೆಯೂ ಬೇಡ. ಎರಡರಲ್ಲೂ ಕರೆಂಟ್ ಹರಿಯುತ್ತದೆ. ಸ್ವಿಚ್‌ಬೋರ್ಡಿನಂಥ ಸಣ್ಣ ಬೆಂಕಿಗೆ ಕಾರ್ಬನ್ ಡೈಆಕ್ಸೈಡ್ ಅಥವಾ ಒಣಪುಡಿ ಸಾಕು.

ಟ್ರಾನ್ಸ್‌ಫಾರ್ಮರ್, ಸಬ್‌ಸ್ಟೇಷನ್‌ಗಳಲ್ಲಿ ವಿದ್ಯುತ್ ಸಂಸ್ಥೆಯ ಎಂಜಿನಿಯರ್ ಬಂದು ಲೈನ್ ಆಫ್ ಆಗಿದೆ ಎನ್ನುವವರೆಗೆ ಒಳಗೆ ಕಾಲಿಡಬೇಡಿ. ಅಕ್ಕಪಕ್ಕದ ಕಟ್ಟಡ ಕಾಪಾಡುತ್ತ ಕಾಯಿರಿ.

ಬೆಂಕಿ ಆರಿದ ಮೇಲೂ ನೀರು ನಿಂತ ನೆಲಮಾಳಿಗೆಗೆ ಇಳಿಯುವ ಮುನ್ನ ಕರೆಂಟ್ ಇದೆಯೇ ಎಂದು ಪರೀಕ್ಷೆ ಮಾಡಿಸಿ. ಕಟ್ಟಡವನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಮೇನ್ ಸ್ವಿಚ್ ಆನ್ ಮಾಡದಂತೆ ಮನೆಯವರಿಗೆ ಹೇಳಿ ಬನ್ನಿ.