ಕಿತ್ತಳೆ ಸಿಪ್ಪೆಯಂತಿದ್ದ ವಾರ್ನಿಷ್ ಸರಿಹೋದದ್ದು

1/24 ಅಳತೆಯ ಕೆಂಪು ಮಾಡೆಲ್ ಕಾರು. ಬಣ್ಣ ಚೆನ್ನಾಗೇ ಕೂತಿತ್ತು. ಮೇಲೆ ಗ್ಲಾಸಿ ವಾರ್ನಿಷ್ ಹೊಡೆದೆ ನೋಡಿ, ಬಾನೆಟ್ ತುಂಬಾ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ. ಇನ್ನೊಂದು ಕೋಟ್ ಕೊಟ್ಟರೆ ಮುಚ್ಚಿಹೋಗುತ್ತದೆ ಅಂದುಕೊಂಡೆ. ಜಾಸ್ತಿಯೇ ಆಯಿತು.

ತಪ್ಪು ನನ್ನದೇ. ವಾರ್ನಿಷ್ ಮಂದವಾಗಿತ್ತು, ಏರ್‌ಬ್ರಷ್ (ಬಣ್ಣ ಸಿಂಪಡಿಸುವ ಪುಟ್ಟ ಗನ್) ದೂರ ಹಿಡಿದಿದ್ದೆ. ಹನಿಗಳು ಹರಡಿಕೊಳ್ಳುವ ಮೊದಲೇ ಅರ್ಧ ಒಣಗುತ್ತಿದ್ದವು.

ಎರಡು ದಿನ ಸುಮ್ನೆ ಬಿಟ್ಟೆ. ಆಮೇಲೆ ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, 2000 ನಂಬರ್ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜಿದೆ. ಉಬ್ಬಿದ ಜಾಗ ಮಂಕಾಗುತ್ತದೆ, ಗುಳಿಗಳು ಮಾತ್ರ ಮಿಂಚುತ್ತಾ ಉಳಿಯುತ್ತವೆ. ಆ ಮಿಂಚುವ ಚುಕ್ಕೆಗಳು ಮಾಯವಾದ ಕೂಡಲೇ ನಿಲ್ಲಿಸಿ. ಅಂಚುಗಳ ತಂಟೆಗೆ ಹೋಗಬೇಡಿ, ಅಲ್ಲಿ ಪದರ ತೆಳು. ನನ್ನ ಕಾರಿನ ಒಂದು ಬಾಗಿಲಂಚಿನಲ್ಲಿ ಬಣ್ಣದ ಕೆಳಗಿನ ಪ್ರೈಮರ್ ಇಣುಕುತ್ತಿದೆ. ಆ ಬದಿ ಈಗ ಗೋಡೆಯ ಕಡೆಗೆ.

ಮತ್ತೆ ಹೊಡೆಯುವಾಗ ಲ್ಯಾಕರ್ ವಾರ್ನಿಷ್‌ಗೆ ಅಷ್ಟೇ ಪ್ರಮಾಣದ ಲೆವೆಲಿಂಗ್ ಥಿನ್ನರ್ ಸೇರಿಸಿದೆ. ಅದು ನಿಧಾನಕ್ಕೆ ಆರುತ್ತದೆ, ಹಾಗಾಗಿ ವಾರ್ನಿಷ್ ತಾನೇ ಸಮನಾಗುತ್ತದೆ. ಎರಡು ತೆಳು ಕೋಟ್, ಕೊನೆಗೆ ಹತ್ತಿರದಿಂದ ಒಂದು ಒದ್ದೆ ಕೋಟ್. ಮಾಸ್ಕ್ ಮರೆಯಬೇಡಿ, ವಾಸನೆ ಜೋರು. ಹೊಡೆದ ಕೂಡಲೇ ಧೂಳು ಕೂರದಂತೆ ಕಾರಿನ ಮೇಲೆ ಡಬ್ಬ ಮುಚ್ಚಿಟ್ಟೆ. ಮರುದಿನ ತೆಗೆದರೆ ಬಾನೆಟ್ಟಿನಲ್ಲಿ ಟ್ಯೂಬ್‌ಲೈಟ್ ನೆಟ್ಟಗೆ ಕಾಣುತ್ತಿತ್ತು.