ವಾಯೇಜರ್ ಧ್ವನಿಮುದ್ರಿಕೆಯ ಹೊದಿಕೆಯನ್ನು ಓದುವ ಬಗೆ

1977ರಲ್ಲಿ ಹಾರಿದ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳೂ ಹೊತ್ತಿರುವ, ಚಿನ್ನದ ಲೇಪವುಳ್ಳ ತಾಮ್ರದ ಧ್ವನಿಮುದ್ರಿಕೆಯ ಹೊದಿಕೆಯನ್ನು ಓದಲು ಮೊದಲು ಕೆಳಗಿನ ಬಲಮೂಲೆಯ ಎರಡು ವೃತ್ತಗಳನ್ನು ನೋಡಬೇಕು. ಅವು ಜಲಜನಕ ಪರಮಾಣುವಿನ ಎರಡು ಸ್ಥಿತಿಗಳು. ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ ಹೊಮ್ಮುವ ವಿಕಿರಣದ ಆವರ್ತನಕಾಲವೇ, ಅಂದರೆ ಸುಮಾರು 0.7 ನ್ಯಾನೋಸೆಕೆಂಡೇ, ಉಳಿದ ಲೆಕ್ಕಗಳಿಗೆ ಅಳತೆಗೋಲು. ಅದರಿಂದ ಮೇಲಿನ ಎಡಭಾಗದ ದ್ವಿಮಾನ (0 ಮತ್ತು 1 ಮಾತ್ರ ಬಳಸುವ) ಅಂಕಿಯನ್ನು ಗುಣಿಸಿದರೆ, ತಟ್ಟೆ ಒಂದು ಸುತ್ತಿಗೆ 3.6 ಸೆಕೆಂಡು ತೆಗೆದುಕೊಳ್ಳಬೇಕೆಂದು ತಿಳಿಯುತ್ತದೆ. ಕೆಳಗಿನ ಎಡಮೂಲೆಯ ಗೆರೆಗಳು 14 ಪಲ್ಸಾರ್‌ಗಳ, ಅಂದರೆ ನಿಯತವಾಗಿ ಮಿಡಿಯುವ ನಕ್ಷತ್ರಗಳ, ಮೂಲಕ ಸೂರ್ಯನ ನೆಲೆಯನ್ನು ತೋರಿಸುತ್ತವೆ.

ಧ್ವನಿಮುದ್ರಿಕೆಯ ವಯಸ್ಸು ಕಂಡುಹಿಡಿಯುವ ಕ್ರಮ ಬೇರೆ, ನನ್ನ ಮಟ್ಟಿಗೆ ಅದೇ ಹೆಚ್ಚು ಸೊಗಸಾದದ್ದು. ಹೊದಿಕೆಯ ಮೇಲೆ ಎರಡು ಸೆಂಟಿಮೀಟರ್ ಅಗಲಕ್ಕೆ ಲೇಪಿಸಿರುವ ಯುರೇನಿಯಂ-238ರಲ್ಲಿ ಉಳಿದಿರುವುದೆಷ್ಟು, ಅದು ಕ್ಷಯಿಸಿ ಹುಟ್ಟಿದ ಧಾತುಗಳೆಷ್ಟು ಎಂಬುದನ್ನು ಹೋಲಿಸಬೇಕು. ಎರಡೂ ಪಾಲು ಸಮನಾಗಿದ್ದರೆ ಸುಮಾರು 450 ಕೋಟಿ ವರ್ಷ ಕಳೆದಿವೆ ಎಂದರ್ಥ. ವಿಜ್ಞಾನಿಗಳ ಅಂದಾಜಿನಂತೆ ಅಷ್ಟರಲ್ಲಿ ಭೂಮಿಯ ಕಡಲುಗಳು ಎಂದೋ ಬತ್ತಿ, ಸೂರ್ಯನು ಉಬ್ಬಿ ಕೆಂಪು ದೈತ್ಯನಾಗುವ ಹಂತವನ್ನು ಸಮೀಪಿಸಿರುತ್ತಾನೆ.

ತಟ್ಟೆಯಲ್ಲಿರುವ 55 ಭಾಷೆಗಳ ಶುಭಾಶಯಗಳನ್ನು, ಅವುಗಳಲ್ಲಿ ಕನ್ನಡದ್ದನ್ನೂ, ಕೇಳಬೇಕಾದರೆ ಜೊತೆಗೇ ಕಳುಹಿಸಿರುವ ಮುಳ್ಳನ್ನು ಹೊರ ಅಂಚಿನಲ್ಲಿಟ್ಟು ಒಳಗಿನತ್ತ ಸಾಗಲು ಬಿಡಬೇಕು.